ಭುಜವಿಲ್ಲದ ಬಂದೂಕಿಗೆ ಎಲ್ಲಿ ಆಸರೆ?

ರೈಫಲ್ ಹಿಡಿದವರಿಗೆ ಒಂದು ದೊಡ್ಡ ಅನುಕೂಲವಿದೆ. ಒಂದು ಕೈ ಮುಂದೆ, ಒಂದು ಕೈ ಹಿಂದೆ, ಬಂದೂಕಿನ ಹಿಂತುದಿ ಭುಜಕ್ಕೆ ಒತ್ತಿಕೊಂಡಿರುತ್ತದೆ. ಕೆನ್ನೆಯೂ ಸೇರಿದರೆ ನಾಲ್ಕು ಕಡೆ ಹಿಡಿತ ಸಿಕ್ಕಿತು. ರಿವಾಲ್ವರ್, ಪಿಸ್ತೂಲಿನಂಥ ಹ್ಯಾಂಡ್‌ಗನ್‌ಗೆ ಇದು ಯಾವುದೂ ಇಲ್ಲ. ಎರಡೂ ಕೈ ಒಂದೇ ಹಿಡಿಯ ಮೇಲೆ ಕೂತಿರುತ್ತವೆ. ಆ ಕೈಗಳು ದೇಹದಿಂದ ಒಂದು ತೋಳಿನಷ್ಟು ದೂರದಲ್ಲಿ ಗಾಳಿಯಲ್ಲಿ ತೂಗುತ್ತಿರುತ್ತವೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ ಹ್ಯಾಂಡ್‌ಗನ್‌ನಿಂದ ಜಿಂಕೆ ಬೇಟೆಯಾಡಲು ಕಾನೂನು ಒಪ್ಪುತ್ತದೆ. ಅಲ್ಲಿ ಹೀಗೆ ಬೇಟೆಗೆ ಹೋಗುವವರು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ತೂಗಾಟವನ್ನು ಯಾವುದರ ಮೇಲೆ ಊರಿ ನಿಲ್ಲಿಸುವುದು?

ತೂಗಾಟ ಎಷ್ಟು ದುಬಾರಿ ಅಂತ ಒಂದು ಸಣ್ಣ ಲೆಕ್ಕ ಹೇಳುತ್ತದೆ. ರಿವಾಲ್ವರ್‌ನ ಮುಂದಿನ ಮತ್ತು ಹಿಂದಿನ ಸೈಟ್‌ಗಳ, ಅಂದರೆ ಕಣ್ಣಿಟ್ಟು ಗುರಿ ಹೊಂದಿಸುವ ಗುರುತುಗಳ ನಡುವೆ 20 ಸೆಂಟಿಮೀಟರ್ ಅಂತರ ಇದೆ ಎಂದುಕೊಳ್ಳಿ. ಮುಂದಿನ ಸೈಟ್ ಬರೀ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ, 50 ಮೀಟರ್ ಆಚೆ ಗುಂಡು 25 ಸೆಂಟಿಮೀಟರ್ ತಪ್ಪುತ್ತದೆ. ಸೈಟ್‌ಗಳ ಅಂತರ 60 ಸೆಂಟಿಮೀಟರ್ ಇರುವ ರೈಫಲ್‌ನಲ್ಲಿ ಅದೇ ತಪ್ಪಿಗೆ 8 ಸೆಂಟಿಮೀಟರ್ ಮಾತ್ರ. ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲ. ಅಂದರೆ ಆ ಒಂದು ಮಿಲಿಮೀಟರ್‌ನಲ್ಲೇ ಪ್ರಾಣಿ ಬೇಗ ಬೀಳುವುದೋ, ಗಾಯಗೊಂಡು ಓಡಿ ಎಲ್ಲೋ ನರಳುವುದೋ ನಿರ್ಧಾರವಾಗುತ್ತದೆ. ಆಸರೆ ಬೇಕೇ ಬೇಕು ಅಂತ ನಾನು ಹಠ ಹಿಡಿಯುವುದು ಇದಕ್ಕೇ.

ಕೈ ಯಾಕೆ ಅಲ್ಲಾಡುತ್ತದೆ? ಆರೋಗ್ಯವಂತರ ಕೈಯೂ ಸೆಕೆಂಡಿಗೆ 8ರಿಂದ 12 ಸಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಅದರ ಮೇಲೆ ಹೃದಯದ ಬಡಿತ. ಅದರ ಮೇಲೆ ಉಸಿರಾಟ. ಗುಡ್ಡ ಹತ್ತಿ ಬಂದ ಮೇಲಂತೂ ಎಲ್ಲವೂ ಜಾಸ್ತಿ. ಉಸಿರು ಬಿಟ್ಟ ಮೇಲಿನ ಚಿಕ್ಕ ಬಿಡುವಿನಲ್ಲಿ ಟ್ರಿಗರ್ ಎಳೆದರೆ ಉಸಿರಿನ ಅಲೆ ತಪ್ಪುತ್ತದೆ. ಆದರೆ ನಾಡಿಯನ್ನಾಗಲಿ ಕೈನಡುಕವನ್ನಾಗಲಿ ನಿಲ್ಲಿಸಲು ಆಗುವುದಿಲ್ಲ. ರೈಫಲ್‌ನ ತೂಕ ಮತ್ತು ಉದ್ದ ಈ ನಡುಕವನ್ನು ನುಂಗಿಬಿಡುತ್ತವೆ. ಒಂದು ವಸ್ತುವನ್ನು ತಿರುಗಿಸುವುದು ಎಷ್ಟು ಕಷ್ಟ ಎನ್ನುವುದು ಅದರ ತೂಕದ ಜೊತೆಗೆ ಉದ್ದದ ವರ್ಗವನ್ನೂ ಅವಲಂಬಿಸುತ್ತದೆ. ಮೂರೂವರೆ ಕಿಲೋದ, ಒಂದು ಮೀಟರ್ ದಾಟಿದ ರೈಫಲ್ಲನ್ನು ಒಂದೂಕಾಲು ಕಿಲೋದ, 30 ಸೆಂಟಿಮೀಟರ್‌ನ ರಿವಾಲ್ವರ್ ಪಕ್ಕ ಇಟ್ಟು ನೋಡಿ. ತಿರುಗದೆ ಮೊಂಡು ಹಿಡಿಯುವ ಗುಣ ರೈಫಲ್‌ಗೆ ಸುಮಾರು 30 ಪಟ್ಟು ಜಾಸ್ತಿ.

ಟೆಲಿಸ್ಕೋಪ್ ಹಾಕಿದರೆ ಸರಿಹೋಗುತ್ತದಲ್ವಾ ಎಂದು ಕೇಳಬಹುದು. ಸೈಟ್ ಜೋಡಿಸುವ ತಪ್ಪು ಹೋಗುತ್ತದೆ, ನಿಜ. ನಡುಕ ಹೋಗುವುದಿಲ್ಲ, ಇನ್ನೂ ದೊಡ್ಡದಾಗಿ ಕಾಣುತ್ತದೆ. ಜೊತೆಗೆ ಹ್ಯಾಂಡ್‌ಗನ್ ಸ್ಕೋಪ್‌ಗಳನ್ನು ಕಣ್ಣಿನಿಂದ ಬಹಳ ದೂರ ಹಿಡಿದು ನೋಡುವಂತೆ ಮಾಡಿರುತ್ತಾರೆ. ಹಾಗಾಗಿ ತೋಳು ಚಾಚಲೇಬೇಕು. ಆಸರೆ ಕೊಳ್ಳುವವರು ಇದನ್ನು ಮರೆಯುತ್ತಾರೆ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಶೂಟಿಂಗ್ ಸ್ಟಿಕ್‌ಗಳನ್ನು, ಅಂದರೆ ಬಂದೂಕಿಗೆ ಆಸರೆಯಾಗುವ ಕೋಲುಗಳನ್ನು, ರೈಫಲ್ ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ಅಲ್ಲಿ ಕೋಲು ಬಂದೂಕಿನ ಮುಂಭಾಗ ಹೊರುತ್ತದೆ, ಹಿಂಭಾಗವನ್ನು ಭುಜ ನೋಡಿಕೊಳ್ಳುತ್ತದೆ. ಹ್ಯಾಂಡ್‌ಗನ್‌ನಲ್ಲಿ ಹಿಂಭಾಗ ನೋಡಿಕೊಳ್ಳುವವರೇ ಇಲ್ಲ. ಮಣಿಕಟ್ಟಿಗೆ ಕೋಲಿನ ಆಸರೆ ಸಿಕ್ಕರೂ ಮೊಣಕೈಗಳು ಗಾಳಿಯಲ್ಲೇ ಉಳಿದರೆ ಅರ್ಧ ಕೆಲಸವಷ್ಟೇ ಆಯಿತು.

ಆದ್ದರಿಂದ ಆಸರೆಯನ್ನು ಬಂದೂಕಿಗೆ ಹುಡುಕಬೇಡಿ, ಮೊಣಕೈಗೆ ಹುಡುಕಿ. ನನ್ನ ಇಡೀ ವಾದ ಇಷ್ಟೇ. ನೆಲದಿಂದ ಕೈವರೆಗಿನ ಸರಪಳಿ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ನಿಂತಾಗ ಆ ಸರಪಳಿಯಲ್ಲಿ ಕಣಕಾಲು, ಮಂಡಿ, ಸೊಂಟ, ಬೆನ್ನು, ಭುಜ, ಮೊಣಕೈ ಎಲ್ಲ ಇವೆ. ಪ್ರತಿ ಕೀಲೂ ತನ್ನ ಪಾಲಿನ ಅಲುಗಾಟ ಸೇರಿಸುತ್ತದೆ. ಮರಕ್ಕೆ ಬೆನ್ನು ಕೊಟ್ಟು ಕೂತು, ಮಂಡಿ ಮಡಚಿ, ಮೊಣಕೈಗಳನ್ನು ಮಂಡಿಯ ಮೇಲೆ ಊರಿದರೆ ಅರ್ಧದಷ್ಟು ಕೀಲುಗಳು ಆಟದಿಂದ ಹೊರಗೆ. ಮೊಣಕೈಯ ಮೂಳೆಯ ತುದಿಯನ್ನೇ ಮಂಡಿಚಿಪ್ಪಿನ ಮೇಲೆ ಇಡಬಾರದು, ಮೂಳೆಯ ಮೇಲೆ ಮೂಳೆ ಜಾರುತ್ತದೆ. ಮೊಣಕೈಗಿಂತ ಸ್ವಲ್ಪ ಮೇಲಿನ ಮಾಂಸದ ಭಾಗ ತಾಗಲಿ. ಈಗ ಮುಂದೆ ಒಂದು ಗಿಡ್ಡ ಕೋಲು ನಿಲ್ಲಿಸಿ ಮಣಿಕಟ್ಟನ್ನು ಅದರ ಮೇಲೆ ಇಟ್ಟರೆ, ಮಂಡಿ ಎರಡು, ಕೋಲು ಒಂದು, ಮೂರು ಕಡೆ ಆಸರೆ ಸಿಕ್ಕಿತು. ಹ್ಯಾಂಡ್‌ಗನ್‌ಗೆ ಇಲ್ಲದ ಭುಜವನ್ನು ಹೀಗೆ ಕಟ್ಟಿಕೊಳ್ಳಬಹುದು.

ಕೋಲಿನ ಕಾಲು ಎಷ್ಟಿರಬೇಕು? ಒಂಟಿ ಕೋಲು ಮೇಲೆ ಕೆಳಗಿನ ಅಲುಗಾಟವನ್ನಷ್ಟೇ ತಡೆಯುತ್ತದೆ, ಪಕ್ಕಕ್ಕೂ ಹಿಂದಕ್ಕೂ ವಾಲುತ್ತದೆ. ಎರಡು ಕಾಲಿನದು ಪಕ್ಕದ ವಾಲಾಟವನ್ನೂ ತಡೆಯುತ್ತದೆ, ಹಿಂದೆ ಮುಂದೆ ಮಾತ್ರ ಉಳಿಯುತ್ತದೆ. ಮೈಯನ್ನು ಸ್ವಲ್ಪ ಮುಂದಕ್ಕೆ ಒತ್ತಿದರೆ ಅದೂ ನಿಲ್ಲುತ್ತದೆ. ಮೂರು ಕಾಲಿನದು ತಾನೇ ನಿಲ್ಲುತ್ತದೆ, ನೆಲ ಏರುಪೇರಾದರೂ ಅಲ್ಲಾಡುವುದಿಲ್ಲ. ಕೂತು ಹೊಡೆಯುವವರಿಗೆ ಎರಡು ಕಾಲಿನ ಗಿಡ್ಡ ಕೋಲು ಸಾಕು ಅನ್ನುವುದು ನನ್ನ ಅಭಿಪ್ರಾಯ. ಎದೆಯೆತ್ತರ ಹುಲ್ಲಿರುವ ಕಡೆ ನಿಂತೇ ಹೊಡೆಯಬೇಕಾದರೆ ಮಾತ್ರ ಟ್ರೈಪಾಡ್‌ನ ತೂಕ ಹೊರಲು ಅರ್ಥವಿದೆ.

ಉದ್ದದ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಬುಡದಲ್ಲಿ ಬಿಗಿದು ನಿಂತ ಕೋಲಿನ ಉದ್ದ ಎರಡರಷ್ಟಾದರೆ, ಅಷ್ಟೇ ಬಲಕ್ಕೆ ಅದರ ತುದಿ ಎಂಟು ಪಟ್ಟು ಬಾಗುತ್ತದೆ. ಎಳೆದು ಉದ್ದ ಮಾಡುವ ಕೋಲುಗಳಲ್ಲಿ ಕೆಳಗಿನ ತುಂಡೇ ಎಲ್ಲಕ್ಕಿಂತ ಸಣ್ಣದು, ಬಾಗುವುದೂ ಅಲ್ಲೇ. ಕೊಳ್ಳುವಾಗ ಅದನ್ನು ಪೂರ್ತಿ ಎಳೆದು, ಮೇಲೆ ಕೈ ಊರಿ ಒತ್ತಿ ನೋಡಿ. ಕೀಲುಗಳು ಸದ್ದು ಮಾಡುತ್ತವೆಯೇ ಅಂತಲೂ ಕಿವಿಗೊಡಿ. ಲೋಹದ ಒಂದು ಟಕ್ ಶಬ್ದ ಸಾಕು, ಜಿಂಕೆ ತಲೆ ಎತ್ತುತ್ತದೆ.

ಹಾಗಾದರೆ ಕೈಗೆ ಸಿಕ್ಕ ಬಂಡೆಯ ಮೇಲೆ ಇಟ್ಟು ಹೊಡೆದರೆ ಆಗದೇ? ಇಲ್ಲಿ ಒದೆತದ ಲೆಕ್ಕ ಬರುತ್ತದೆ. 44 ಮ್ಯಾಗ್ನಮ್ ರಿವಾಲ್ವರ್‌ನ ಗುಂಡು ಸುಮಾರು 15 ಗ್ರಾಂ. ಅದು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು. ಅಷ್ಟರಲ್ಲೇ ರಿವಾಲ್ವರ್ ಒಂದೆರಡು ಮಿಲಿಮೀಟರ್ ಹಿಂದೆ ಸರಿದಿರುತ್ತದೆ. ನಳಿಗೆ ಕೈಹಿಡಿಗಿಂತ ಮೇಲಿರುವುದರಿಂದ ಅದರ ಬಾಯಿ ಮೇಲಕ್ಕೆ ತಿರುಗಲು ಶುರುವಾಗಿರುತ್ತದೆ. ಗುಂಡು ಇನ್ನೂ ಹೊರಗೆ ಬಂದಿಲ್ಲ! ಅದಕ್ಕೇ ನಿಧಾನವಾದ ಭಾರದ ಗುಂಡು ಹಗುರ ಗುಂಡಿಗಿಂತ ಮೇಲೆ ಬಡಿಯುವುದುಂಟು, ನಳಿಗೆಯಲ್ಲಿ ಅದು ಹೆಚ್ಚು ಹೊತ್ತು ಇರುತ್ತದೆ. ಕೆಳಗೆ ಗಟ್ಟಿ ಬಂಡೆ ಇದ್ದರೆ ಬಂದೂಕು ಅದಕ್ಕೆ ತಾಗಿ ಬೇರೆ ರೀತಿ ಪುಟಿಯುತ್ತದೆ, ಗುಂಡು ಬೀಳುವ ಜಾಗವೇ ಬದಲಾಗುತ್ತದೆ. ಬಂಡೆಯ ಮೇಲೆ ಕೈ ಇರಲಿ, ಕೈಯಲ್ಲಿ ಬಂದೂಕು ಇರಲಿ. ನಳಿಗೆ ಯಾವುದಕ್ಕೂ ತಾಗದಿರಲಿ. ಸೈಟ್ ಹೊಂದಿಸುವಾಗಲೂ ಕಾಡಿಗೆ ಒಯ್ಯುವ ಅದೇ ಆಸರೆ ಬಳಸಿ. ಮೇಜಿನ ಮೇಲೆ ಮರಳುಚೀಲ ಇಟ್ಟು ಹೊಂದಿಸಿದ್ದು ಕೋಲಿನ ಮೇಲೆ ಹಾಗೇ ಉಳಿಯುತ್ತದೆ ಎಂಬ ಭರವಸೆ ಇಲ್ಲ.

ರಿವಾಲ್ವರ್ ಹಿಡಿಯುವವರು ಇನ್ನೊಂದು ವಿಷಯವನ್ನು ಜೀವಕ್ಕೆ ಹಚ್ಚಿಕೊಳ್ಳಬೇಕು. ಗುಂಡು ತುಂಬುವ ಸಿಲಿಂಡರ್‌ಗೂ ನಳಿಗೆಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ, ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗ ಅಷ್ಟೇ. ಹೊಡೆದಾಗ ಅಲ್ಲಿಂದ ಕಾದ ಅನಿಲ ಚಾಕುವಿನಂತೆ ಪಕ್ಕಕ್ಕೆ ಚಿಮ್ಮುತ್ತದೆ. 2003ರಲ್ಲಿ ಬಂದ 500 ಮ್ಯಾಗ್ನಮ್‌ನಂಥ ದೊಡ್ಡ ರಿವಾಲ್ವರ್‌ಗಳಲ್ಲಿ ಆ ಸಂದಿನ ಪಕ್ಕ ಇಟ್ಟ ಬೆರಳು ಉಳಿಯುವ ಖಾತ್ರಿ ಇಲ್ಲ. ಆಸರೆಗೆ ಒರಗುವಾಗ ಬೆರಳು ಮುಂದೆ ಜಾರುವುದು ಸುಲಭ, ಅಪಾಯ ಅಲ್ಲೇ ಇದೆ. ಲೋಹದ ಗುರಿಗಳಿಗೆ 200 ಮೀಟರ್‌ವರೆಗೆ ಹ್ಯಾಂಡ್‌ಗನ್ ಹೊಡೆಯುವ ಸಿಲೂಯೆಟ್ ಸ್ಪರ್ಧೆಗಳಲ್ಲಿ ಅಂಗಾತ ಮಲಗಿ, ಮಡಚಿದ ಕಾಲಿಗೆ ಬಂದೂಕು ಒರಗಿಸಿ ಹೊಡೆಯುವ ಪದ್ಧತಿ ಇದೆ. ಅದ್ಭುತ ಆಸರೆ, ಖರ್ಚಿಲ್ಲ, ಹೊರೆಯಿಲ್ಲ. ಆದರೆ ರಿವಾಲ್ವರ್‌ನವರು ಕಾಲಿಗೆ ದಪ್ಪ ಚರ್ಮ ಕಟ್ಟಿಕೊಂಡೇ ಮಲಗುತ್ತಾರೆ. ಆಸರೆಯ ಮೆತ್ತೆ ಸಂದಿನ ಹತ್ತಿರ ಬರುವಂತಿದ್ದರೆ ಅದು ನೈಲಾನ್ ಆಗಿರಬಾರದು. ನೈಲಾನ್ ಕರಗುತ್ತದೆ, ಚರ್ಮ ತಾಳಿಕೊಳ್ಳುತ್ತದೆ. 1967ರಲ್ಲಿ ಬಂದ ಥಾಂಪ್ಸನ್ ಸೆಂಟರ್ ಕಂಟೆಂಡರ್‌ನಂಥ ಒಂದೇ ಗುಂಡಿನ ಪಿಸ್ತೂಲುಗಳಿಗೆ ಸಿಲಿಂಡರೇ ಇಲ್ಲ, ಹಾಗಾಗಿ ಈ ತೊಂದರೆಯೂ ಇಲ್ಲ.

ಕೊನೆಗೆ ಪರೀಕ್ಷೆ. 20 ಸೆಂಟಿಮೀಟರ್ ಅಗಲದ ಕಾಗದದ ತಟ್ಟೆಯೊಂದನ್ನು ಗುಂಡು ಆಚೆ ದಾಟದ ಮಣ್ಣುದಿಬ್ಬದ ಮುಂದೆ ನಿಲ್ಲಿಸಿ. ಖಾಲಿ ಬಂದೂಕನ್ನು ಒರೆಯಲ್ಲೇ ಇಟ್ಟುಕೊಂಡು, ನಾಡಿ ಏರುವಷ್ಟು ಬಿರುಸಾಗಿ ನಡೆದು ಬನ್ನಿ. ಕೂತು, ಕೋಲು ಬಿಡಿಸಿ, ಕೈ ಊರಿ, ಆಮೇಲೆ ಗುಂಡು ತುಂಬಿ ಐದು ಸಲ ಹೊಡೆಯಿರಿ. ಇದನ್ನು 25 ಮೀಟರ್‌ನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹಿಂದೆ ಹೋಗಿ. ಐದೂ ಗುಂಡು ತಟ್ಟೆಯೊಳಗೆ ಬೀಳುವ ಕೊನೆಯ ದೂರವೇ ಆ ಆಸರೆಯೊಂದಿಗೆ ನಿಮ್ಮ ಬೇಟೆಯ ದೂರ. ಆಸರೆ ಬದಲಾಯಿಸಿದರೆ ಮತ್ತೆ 25 ಮೀಟರ್‌ನಿಂದಲೇ ಅಳೆಯಬೇಕು.