ಏಳಕ್ಕೆ ಹುಟ್ಟಿದರೆ ಉಳಿಯುತ್ತೆ, ಎಂಟಕ್ಕೆ ಹುಟ್ಟಿದರೆ ಉಳಿಯಲ್ಲ: ನಿಜವಾ ಸಿಸ್ಟರ್?

ಪ್ರಶ್ನೆ: "ಸಿಸ್ಟರ್, ನನ್ನ ಹೆಂಡತಿಗೆ 32 ವಾರಕ್ಕೇ ಹೆರಿಗೆ ಆಯ್ತು. ತ್ರಿವಳಿ. ಮೂರೂ ಮೈಸೂರಿನಲ್ಲಿ ಎನ್‌ಐಸಿಯುನಲ್ಲಿವೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಏಳು ತಿಂಗಳಿಗೆ ಹುಟ್ಟಿದ್ರೆ ಉಳೀತಿದ್ವು, ಎಂಟಕ್ಕೆ ಹುಟ್ಟಿದ್ದು ಕಷ್ಟ ಅಂತ ಮನೆಯವರೆಲ್ಲ ಅಳ್ತಾ ಕೂತಿದ್ದಾರೆ. ನಿಜವಾ? ಮನೆಗೆ ಯಾವಾಗ ಕಳಿಸ್ತಾರೆ?" (ಮದ್ದೂರು ಕಡೆಯ ಒಬ್ಬ ತಂದೆ)

ಉತ್ತರ: ಸುಳ್ಳು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಎನ್‌ಐಸಿಯು ಡ್ಯೂಟಿಯಲ್ಲಿ ಇದ್ದಷ್ಟು ವರ್ಷವೂ ಬಾಗಿಲಾಚೆಯ ಬೆಂಚಿನ ಮೇಲೆ ಇದೇ ಮಾತು ಕೇಳಿದ್ದೇನೆ. ರಿಟೈರ್ ಆದ ಮೇಲೆ ವಾಟ್ಸಾಪಿನಲ್ಲಿ ಕೇಳುತ್ತಿದ್ದೇನೆ. ಉತ್ತರ ಹೇಳಿ ಹೇಳಿ ಬಾಯಿ ನೋಯುತ್ತಿದೆ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ, ಇನ್ನು ಯಾರು ಕೇಳಿದರೂ ಇದನ್ನೇ ಕಳಿಸಿ.

ಮೊದಲು ಒಂದು ವಿಷಯ. ತ್ರಿವಳಿ ಬಸಿರು 40 ವಾರ ತುಂಬುವುದು ತೀರಾ ಅಪರೂಪ. ಹೆಚ್ಚುಕಮ್ಮಿ 32ನೇ ವಾರದ ಆಸುಪಾಸಿನಲ್ಲೇ ತ್ರಿವಳಿಗಳು ಹುಟ್ಟುವುದು. ನಿಮ್ಮ ಮಕ್ಕಳು ಬೇರೆ ತ್ರಿವಳಿಗಳಿಗಿಂತ ಬೇಗ ಬಂದವೇನಲ್ಲ. ನಿಮ್ಮ ಹೆಂಡತಿ ಬಕೆಟ್ ಎತ್ತಿದ್ದಕ್ಕೋ, ಬಸ್ಸಿನಲ್ಲಿ ಓಡಾಡಿದ್ದಕ್ಕೋ ಹೀಗಾಯಿತು ಅಂತ ಯಾರಾದರೂ ಹೇಳಿದರೆ ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ.

ಈಗ ಆ ಏಳು, ಎಂಟರ ಕಥೆ.

ಎಂಟು ಅಂದರೆ ಯಾವ ಎಂಟು ಅಂತ ನಿಮ್ಮ ಮನೆಯವರನ್ನು ಕೇಳಿ ನೋಡಿ. ನಾಲ್ಕು ವಾರಕ್ಕೆ ಒಂದು ತಿಂಗಳು ಅಂತ ಹಿಡಿದರೆ 32 ವಾರಕ್ಕೆ ಎಂಟು ತಿಂಗಳು ತುಂಬಿತು. ಕ್ಯಾಲೆಂಡರ್ ನೋಡಿದರೆ 32 ವಾರ ಅಂದರೆ 224 ದಿನ, ಅಂದರೆ ಏಳು ತಿಂಗಳು ಮತ್ತು ಹತ್ತು ಹನ್ನೊಂದು ದಿನ. ಇನ್ನೂ ಒಂದಿದೆ. ಡಾಕ್ಟರು ಲೆಕ್ಕ ಹಾಕುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ, ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಕ್ಕೆ. ಅಲ್ಲಿಂದ ಎಣಿಸಿದರೆ 210 ದಿನ, ಏಳು ತಿಂಗಳು ಕೂಡ ಸರಿಯಾಗಿ ತುಂಬಿಲ್ಲ. ಅಂದರೆ ಅವೇ ಮೂರು ಮಕ್ಕಳು ಒಂದು ಲೆಕ್ಕದಲ್ಲಿ ಎಂಟು ತಿಂಗಳಿನವು, ಇನ್ನೊಂದು ಲೆಕ್ಕದಲ್ಲಿ ಏಳು, ಮತ್ತೊಂದರಲ್ಲಿ ಏಳಕ್ಕೂ ಕಮ್ಮಿ. ಯಾವ ಲೆಕ್ಕ ನೋಡಿ ಉಳಿಯಬೇಕು ಅಂತ ಆ ಮಕ್ಕಳಿಗೆ ಹೇಳಿದವರು ಯಾರು?

ಲೆಕ್ಕ ಬಿಡಿ, ಹೊಟ್ಟೆಯೊಳಗೆ ಏನಾಗುತ್ತದೆ ನೋಡೋಣ. ಶ್ವಾಸಕೋಶದಲ್ಲಿ ಸಣ್ಣ ಸಣ್ಣ ಗಾಳಿಚೀಲಗಳಿವೆ. ಉಸಿರು ಬಿಟ್ಟಾಗ ಅವು ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಒಳಗೊಳಗೇ ಅಂಟಿಕೊಳ್ಳದಿರಲು ಸರ್ಫ್ಯಾಕ್ಟೆಂಟ್ ಅನ್ನುವ ಒಂದು ಪದಾರ್ಥ ಬೇಕು. ಅದು ಸುಮಾರು 24ನೇ ವಾರದಿಂದ ತಯಾರಾಗಲು ಶುರುವಾಗಿ, 34–35ನೇ ವಾರಕ್ಕೆ ಸಾಕಷ್ಟಾಗುತ್ತದೆ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಂಡು ಮಾಡುವ ಜಾಣತನ ಬರುವುದು 32ರಿಂದ 34ನೇ ವಾರದಲ್ಲಿ. ಚರ್ಮದ ಕೆಳಗೆ ಕೊಬ್ಬು ತುಂಬುವುದು ಕೊನೆಯ ಎರಡು ತಿಂಗಳಲ್ಲಿ. ತೂಕ ನೋಡಿ: 28 ವಾರಕ್ಕೆ ಸುಮಾರು 1 ಕೆಜಿ ಇರುವ ಮಗು 32ಕ್ಕೆ ಒಂದೂವರೆ ಕೆಜಿ ದಾಟುತ್ತದೆ. ತ್ರಿವಳಿಗಳಾದರೆ ಸ್ವಲ್ಪ ಕಮ್ಮಿ ಇರಬಹುದು. ಇದರಲ್ಲಿ ಏಳರಲ್ಲಿ ಸರಿಯಿದ್ದು ಎಂಟರಲ್ಲಿ ಕೆಟ್ಟುಹೋಗುವಂಥದ್ದು ಏನಾದರೂ ಕಂಡಿತಾ? ನನಗಂತೂ ಕಂಡಿಲ್ಲ. ಒಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಹೆರಿಗೆಗೆ ಮುಂಚೆ ನಿಮ್ಮ ಹೆಂಡತಿಗೆ "ಮಗುವಿನ ಶ್ವಾಸಕೋಶ ಬಲಿಯಲು" ಅಂತ ಇಂಜೆಕ್ಷನ್ ಕೊಟ್ಟಿರಬಹುದು. ಅದು ಸ್ಟೀರಾಯ್ಡ್. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೌವಿ ಅನ್ನುವ ಇಬ್ಬರು ಡಾಕ್ಟರು 1972ರಲ್ಲೇ ಇದರ ಉಪಯೋಗ ತೋರಿಸಿದರು. ಅವತ್ತಿಂದ ಎಷ್ಟು ಮಕ್ಕಳು ಉಳಿದಿವೆಯೋ ಲೆಕ್ಕವಿಲ್ಲ. ಅದರಲ್ಲಿ ಎಂಟನೇ ತಿಂಗಳಿನವೂ ಬೇಕಾದಷ್ಟಿವೆ.

"ಹಂಗಾದ್ರೆ ಹಿರಿಯರು ಸುಮ್ನೆ ಹೇಳಿದ್ರಾ?" ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಸುಮ್ನೆ ಹೇಳಲಿಲ್ಲ. ಇದು ಬಹಳ ಹಳೆಯ ನಂಬಿಕೆ, ನಮ್ಮೊಬ್ಬರದೇ ಅಲ್ಲ. ಗ್ರೀಸಿನ ಹಿಪಾಕ್ರಟಿಸ್ ಹೆಸರಿನಲ್ಲಿ ಉಳಿದಿರುವ ವೈದ್ಯ ಬರಹಗಳಲ್ಲಿ ಎಂಟು ತಿಂಗಳ ಮಗುವಿನ ಮೇಲೇ ಒಂದು ಭಾಗವಿದೆ. ನಮ್ಮ ಚರಕ, ಸುಶ್ರುತ ಸಂಹಿತೆಗಳಲ್ಲೂ ಎಂಟನೇ ತಿಂಗಳಲ್ಲಿ ಓಜಸ್ಸು, ಅಂದರೆ ದೇಹದ ಜೀವಸತ್ವ, ನೆಲೆ ನಿಂತಿರುವುದಿಲ್ಲ, ಆಗ ಹೆರಿಗೆಯಾದರೆ ಅಪಾಯ ಅಂತ ಬರುತ್ತದೆ. ಆಗ ಸ್ಕ್ಯಾನಿಂಗ್ ಇರಲಿಲ್ಲ, ಆಕ್ಸಿಜನ್ ಇರಲಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಅವರಿಗೆ ತೋಚಿದ ಕಾರಣ ಕೊಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಮೊಬೈಲಿನಲ್ಲಿ ಎಲ್ಲಾ ಹುಡುಕಿ, ಇದೊಂದನ್ನು ಮಾತ್ರ ಹುಡುಕದವರ ಮೇಲೆ.

ಇನ್ನು ಊರಲ್ಲಿ "ನಮ್ಮ ದೊಡ್ಡಪ್ಪ ಏಳು ತಿಂಗಳಿಗೇ ಹುಟ್ಟಿದ್ದು, ಈಗಲೂ ಗಟ್ಟಿಮುಟ್ಟಾಗಿದ್ದಾರೆ" ಅನ್ನುವ ಸಾಕ್ಷಿ ಇದ್ದೇ ಇರುತ್ತದಲ್ಲ. ಏಳಕ್ಕೆ ಹುಟ್ಟಿ ಉಳಿದವರ ಕಥೆ ಮೂರು ತಲೆಮಾರು ಓಡಾಡುತ್ತದೆ, ಏಳಕ್ಕೆ ಹುಟ್ಟಿ ಹೋದ ಮಗುವಿನ ಹೆಸರು ಕೂಡ ಯಾರಿಗೂ ನೆನಪಿರುವುದಿಲ್ಲ, ಯಾಕೆಂದರೆ ಹೆಸರಿಟ್ಟೇ ಇರುವುದಿಲ್ಲ. ಇನ್ನು ಕೆಲವು ದೊಡ್ಡಪ್ಪಂದಿರು ಅಪ್ಪ ಅಮ್ಮನ ಮದುವೆಯಾಗಿ ಸರಿಯಾಗಿ ಏಳು ತಿಂಗಳಿಗೆ, ಮೂರು ಕೆಜಿ ತೂಕದಲ್ಲಿ, ಗುಂಡುಗುಂಡಾಗಿ ಹುಟ್ಟಿರುತ್ತಾರೆ. ಅದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಿಮಗೇ ಗೊತ್ತಾಗುತ್ತದೆ, ಅಲ್ವಾ?

ಇದಕ್ಕೆ ಇಷ್ಟು ಜಾಗ ಯಾಕೆ ಕೊಟ್ಟೆ ಅಂದರೆ, ಈ ಮಾತಿನಿಂದ ನಿಜವಾಗಿ ಕೆಡುಕಾಗುತ್ತದೆ. "ಎಂಟಕ್ಕೆ ಬೀಳೋದರೊಳಗೆ ಸಿಸೇರಿಯನ್ ಮಾಡಿಬಿಡಿ" ಅಂತ ಡಾಕ್ಟರ ಮುಂದೆ ಕೈಮುಗಿದು ನಿಂತವರನ್ನು ನೋಡಿದ್ದೇನೆ. ಅದಕ್ಕಿಂತ ಜಾಸ್ತಿ ನೋಡಿದ್ದು ಇದನ್ನು: ಮಕ್ಕಳು ಉಳಿಯಲ್ಲ ಅಂತ ಕಿವಿಗೆ ಬಿದ್ದ ಬಾಣಂತಿ ಹಾಲು ಹಿಂಡುವುದನ್ನೇ ನಿಲ್ಲಿಸುತ್ತಾಳೆ. ಮೂರು ದಿನ ಹಿಂಡದಿದ್ದರೆ ಎದೆ ಬತ್ತುತ್ತಾ ಬರುತ್ತದೆ. ಆಮೇಲೆ ಮಕ್ಕಳು ಚೇತರಿಸಿಕೊಂಡು ಹಾಲು ಕೇಳುವ ಹೊತ್ತಿಗೆ ಹಾಲಿರುವುದಿಲ್ಲ. ಹಾಗಾಗಿ ಅಳುವವರನ್ನು ದಯವಿಟ್ಟು ಬಾಣಂತಿ ಪಕ್ಕದಿಂದ ಎಬ್ಬಿಸಿ, ಟೀ ಕುಡಿಸಿ, ಊರಿಗೆ ಬಸ್ ಹತ್ತಿಸಿ.

ಹಾಲು ಮೂವರಿಗೆ ಸಾಲುತ್ತದಾ ಅಂದರೆ, ಶುರುವಿನಲ್ಲಿ ಧಾರಾಳವಾಗಿ ಸಾಲುತ್ತದೆ. ಮೊದಲ ದಿನಗಳಲ್ಲಿ ಒಂದು ಹೊತ್ತಿಗೆ ಮಗುವಿಗೆ ಹೋಗುವುದು ಕೆಲವೇ ಮಿಲಿ. ಬಾಯಿಂದ ಹೊಟ್ಟೆಗೆ ಇಳಿಸಿದ ಸಣ್ಣ ಟ್ಯೂಬಿಗೆ ಸಿರಿಂಜು ಸಿಕ್ಕಿಸಿ ಎತ್ತಿ ಹಿಡಿಯುತ್ತೇವೆ, ಒತ್ತುವುದಿಲ್ಲ, ಹಾಲು ತಾನಾಗಿ ಇಳಿಯಬೇಕು. ಪೂರ್ತಿ ಹಾಲಿಗೆ ಬಂದಾಗ ಒಂದು ಕೆಜಿ ತೂಕಕ್ಕೆ ದಿನಕ್ಕೆ ಸುಮಾರು 150 ಮಿಲಿ ಲೆಕ್ಕ. ಒಂದೂವರೆ ಕೆಜಿಯ ಮೂರು ಮಕ್ಕಳಿಗೆ ಒಟ್ಟು 675 ಮಿಲಿ. ಹಗಲು ರಾತ್ರಿ ಸೇರಿ ಎಂಟು ಸಲವಾದರೂ ಹಿಂಡಿದರೆ ಅಲ್ಲಿಗೆ ಮುಟ್ಟುವ ತಾಯಂದಿರಿದ್ದಾರೆ. ಕಮ್ಮಿ ಬಿದ್ದರೆ ಏನು ಸೇರಿಸಬೇಕು ಅಂತ ಡಾಕ್ಟರು ಹೇಳುತ್ತಾರೆ, ನೀವು ಅಂಗಡಿಯಿಂದ ಡಬ್ಬಿ ತರಬೇಡಿ. ತಾಯಿ ಡಿಸ್ಚಾರ್ಜ್ ಆಗಿ ಮಂಡ್ಯದಲ್ಲಿದ್ದರೆ, ಸ್ಟೀಲ್ ಡಬ್ಬಿಯ ಮೇಲೆ ಹಿಂಡಿದ ಹೊತ್ತು ಬರೆದು, ಐಸ್ ಪ್ಯಾಕ್ ಇಟ್ಟ ಥರ್ಮಾಕೋಲ್ ಬಾಕ್ಸಿನಲ್ಲಿ ಬೆಳಗಿನ ರೈಲಿಗೆ ತರುವ ಅಪ್ಪಂದಿರಿದ್ದಾರೆ. ಅವರನ್ನು ಕಂಡರೆ ನಮ್ಮ ಸಿಸ್ಟರುಗಳಿಗೆಲ್ಲ ಗೌರವ.

ಮನೆಗೆ ಯಾವಾಗ? ಇದಕ್ಕೆ ತಾರೀಖು ಕೊಡಲಾಗುವುದಿಲ್ಲ, ಡಾಕ್ಟರನ್ನು ದಿನಾ ಕೇಳಿ ಪೀಡಿಸಬೇಡಿ. ನೀವೇ ನೋಡಿಕೊಳ್ಳಬಹುದಾದ ಗುರುತುಗಳಿವೆ. ವಾರ್ಮರ್ ಇಲ್ಲದೆ ಮೈ ಬೆಚ್ಚಗಿರಬೇಕು. ಟ್ಯೂಬ್ ಇಲ್ಲದೆ ಎದೆಯಿಂದಲೋ ಒಳಲೆಯಿಂದಲೋ (ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ಪೂರ್ತಿ ಹಾಲು ಕುಡಿಯಬೇಕು. ಕೆಲವು ದಿನ ಬಿಡದೆ ತೂಕ ಏರಬೇಕು. ಉಸಿರು ನಿಲ್ಲಿಸುವ ಅಭ್ಯಾಸ ಪೂರ್ತಿ ಹೋಗಿ ಐದರಿಂದ ಏಳು ದಿನ ಆಗಿರಬೇಕು. ಉಸಿರು ಹಾಗೆ ನಿಲ್ಲದಿರಲಿ ಅಂತಲೇ ಕೆಫೀನ್ ಕೊಡುವುದು. ಹೌದು, ಕಾಫಿಯಲ್ಲಿರುವ ಅದೇ ಕೆಫೀನ್. ಸಾಮಾನ್ಯವಾಗಿ ಇದೆಲ್ಲ ಕೂಡಿಬರುವುದು ಬಸಿರಿನ ವಾರಗಳನ್ನೂ ಸೇರಿಸಿ ಎಣಿಸಿದ 35, 36 ವಾರದ ಲೆಕ್ಕಕ್ಕೆ. ಮೊದಲ ವಾರ ತೂಕ ಇಳಿದರೆ ಹೆದರಬೇಡಿ, ಎಲ್ಲ ಮಕ್ಕಳಿಗೂ ಇಳಿಯುತ್ತದೆ.

ಮೂರೂ ಒಟ್ಟಿಗೆ ಬರುವುದಿಲ್ಲ, ಇದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಒಂದು ಮುಂಚೆ ಬರುತ್ತದೆ, ಒಂದು ಹಿಂದೆ ಉಳಿಯುತ್ತದೆ. ಹಿಂದೆ ಉಳಿದದ್ದಕ್ಕೆ ಏನೋ ಆಗಿದೆ ಅಂತಲ್ಲ. "ಮೂರನ್ನೂ ಒಂದೇ ದಿನ ಒಯ್ಯುತ್ತೇವೆ, ದಿನ ಚೆನ್ನಾಗಿದೆ" ಅಂತ ಹಟ ಮಾಡಿ ಸರಿಹೋದ ಮಗುವನ್ನು ವಾರ್ಡಿನಲ್ಲಿ ಇರಿಸುವುದು ತಪ್ಪು. ಆಸ್ಪತ್ರೆಯಲ್ಲಿ ಹೆಚ್ಚು ದಿನ ಇದ್ದಷ್ಟೂ ಸೋಂಕಿನ ಭಯ ಜಾಸ್ತಿ.

ಅಷ್ಟರವರೆಗೆ ನಿಮ್ಮ ಕೆಲಸ ಕಾಯುವುದಲ್ಲ, ಎದೆಗೆ ಹಾಕಿಕೊಳ್ಳುವುದು. ಮಗುವನ್ನು ಹೀಗೆ ಬರಿಮೈಗೆ ಒತ್ತಿ ಹಿಡಿಯುವ ಕಾಂಗರೂ ಆರೈಕೆ 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದದ್ದು, ಇನ್‌ಕ್ಯುಬೇಟರ್ ಸಾಲದೆ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ, 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 1 ಕೆಜಿಯಿಂದ 1.8 ಕೆಜಿಯೊಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದಾಗ ಸಾವು ಕಾಲು ಭಾಗ ಕಮ್ಮಿಯಾಯಿತು. ಅಪ್ಪನೂ ಮಾಡಬಹುದು, ಅಜ್ಜಿಯೂ ಮಾಡಬಹುದು. ಮೂರು ಮಕ್ಕಳಿರುವ ಮನೆಯಲ್ಲಿ ಅಪ್ಪ ಮಾಡಲೇಬೇಕು. ಉಂಗುರ, ವಾಚು ತೆಗೆದು, ಮೊಣಕೈವರೆಗೆ ಸೋಪಿನಲ್ಲಿ ತೊಳೆದು, ಷರ್ಟ್ ಬಿಚ್ಚಿ ಕೂರಿ. ಮಗುವಿಗೆ ಟೋಪಿ, ಸಾಕ್ಸ್, ಡೈಪರ್ ಅಷ್ಟೇ. ನಾಚಿಕೆ ಪಡಬೇಡಿ, ಅಲ್ಲಿ ಯಾರೂ ನಿಮ್ಮ ಹೊಟ್ಟೆ ನೋಡುತ್ತಿಲ್ಲ.

ಒಳಲೆ ಬಗ್ಗೆ ಅಜ್ಜಿಯರಿಗೆ ಒಂದು ಮಾತು. ನಿಮ್ಮ ಹಳೇ ಬೆಳ್ಳಿ ಒಳಲೆ ಒಳ್ಳೆಯದೇ, ಕುದಿಸಿ ತನ್ನಿ. ಆದರೆ ಗಂಟಲಿಗೆ ಸುರಿಯಬೇಡಿ. ಮಗುವಿನ ತಲೆ ಸ್ವಲ್ಪ ಎತ್ತಿ ಹಿಡಿದು, ಒಳಲೆಯ ಮೂತಿಯನ್ನು ತುಟಿಯ ಮೂಲೆಗೆ ತಾಗಿಸಿ. ಅದು ನಾಲಿಗೆ ಹೊರಗೆ ಹಾಕಿ ನೆಕ್ಕುತ್ತದೆ. ನುಂಗುವ ತನಕ ಕಾಯಿರಿ, ಆಮೇಲೆ ಇನ್ನೊಂದು ಹನಿ.

ನೀವು ಕೇಳಿಲ್ಲ, ಆದರೆ ಆರು ತಿಂಗಳಾದ ಮೇಲೆ ಕೇಳುತ್ತೀರಿ: "ಪಕ್ಕದ ಮನೆ ಮಗು ಕೂರುತ್ತಿದೆ, ನಮ್ಮವು ಇನ್ನೂ ಕತ್ತೇ ಸರಿಯಾಗಿ ನಿಲ್ಲಿಸಿಲ್ಲ, ಯಾಕೆ?" ಎಂಟು ವಾರ ಮುಂಚೆ ಹುಟ್ಟಿದ್ದಾವಲ್ಲ, ಆ ಎಂಟು ವಾರ ಕಳೆದು ನೋಡಿ. ಆರು ತಿಂಗಳಾಗಿದ್ದರೆ ಅವಕ್ಕೆ ನಾಲ್ಕು ತಿಂಗಳು ಅಂತ ಲೆಕ್ಕ. ನಗು, ಮಗುಚುವುದು, ಕೂರುವುದು, ನಡೆಯುವುದು ಎಲ್ಲವನ್ನೂ ಎರಡು ವರ್ಷದವರೆಗೆ ಹೀಗೇ ಅಳೆಯಬೇಕು. ಪಕ್ಕದ ಮನೆಯವರಿಗೆ ವಿವರಿಸುವ ತಾಪತ್ರಯ ಬೇಡ ಅನಿಸಿದರೆ ವಯಸ್ಸನ್ನೇ ಎರಡು ತಿಂಗಳು ಕಮ್ಮಿ ಹೇಳಿಬಿಡಿ. ಲಸಿಕೆ ಮಾತ್ರ ಹುಟ್ಟಿದ ದಿನದಿಂದಲೇ, ಕಳೆಯುವ ಹಾಗಿಲ್ಲ.

ಕಣ್ಣಿನ ಪರೀಕ್ಷೆಗೂ ಹಾಗೇ. 34 ವಾರಕ್ಕೆ ಮುಂಚೆ ಹುಟ್ಟಿದ, ಅಥವಾ 2 ಕೆಜಿಗಿಂತ ಕಮ್ಮಿ ಇರುವ ಮಕ್ಕಳಿಗೆ ಕಣ್ಣಿನ ಹಿಂದಿನ ಪರದೆಯ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಆರ್‌ಓಪಿ ಅನ್ನುವ ತೊಂದರೆ ಬರಬಹುದು. ಹೊರಗಿನಿಂದ ನೋಡಿದರೆ ಕಣ್ಣು ಮಿಣಮಿಣ ಅನ್ನುತ್ತಿರುತ್ತದೆ, ಏನೂ ಗೊತ್ತಾಗುವುದಿಲ್ಲ. ತಡವಾದರೆ ದೃಷ್ಟಿ ಹೋಗುತ್ತದೆ, ಸಮಯಕ್ಕೆ ಸಿಕ್ಕರೆ ಲೇಸರ್‌ನಲ್ಲೋ ಇಂಜೆಕ್ಷನ್ನಿನಲ್ಲೋ ತಡೆಯಬಹುದು. ಮೊದಲ ಪರೀಕ್ಷೆ ಹುಟ್ಟಿದ 30 ದಿನದೊಳಗೆ ಆಗಬೇಕು. ಮಗು ಆಸ್ಪತ್ರೆಯಲ್ಲಿದ್ದರೆ ಅಲ್ಲೇ ಮಾಡಿಸುತ್ತಾರೆ. ಮುಂಚೆ ಮನೆಗೆ ಬಂದ ಮಗುವಿನದೇ ತಪ್ಪಿಹೋಗುವುದು, ಅದು ಚೆನ್ನಾಗಿದೆಯಲ್ಲ ಅಂತ. ತಾರೀಖು ಕೇಳಿ ಡಿಸ್ಚಾರ್ಜ್ ಚೀಟಿಯ ಮೇಲೇ ಬರೆಸಿಕೊಳ್ಳಿ, ಮೂರಕ್ಕೂ ಬೇರೆ ಬೇರೆ.