ಉತ್ತರಿಸುವ ಗುಂಡಿಯೇ ಇಲ್ಲದ ಚರ್ಚೆ

1973ರ ಆಗಸ್ಟ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣದ ರೆಕಾರ್ಡ್ ಅಂಗಡಿಯೊಂದರಲ್ಲಿ ತಂತಿಯಲ್ಲಿ ಸಂದೇಶ ಕಳಿಸುವ, ಬಂದದ್ದನ್ನು ಕಾಗದದ ಮೇಲೆ ಅಚ್ಚೊತ್ತುವ ಒಂದು ಟೆಲಿಟೈಪ್ ಯಂತ್ರ ಬಂದು ಕುಳಿತಿತು. ಅದರ ಗದ್ದಲ ಅಡಗಿಸಲು ರಟ್ಟಿನ ಪೆಟ್ಟಿಗೆ ಹೊದಿಸಿದ್ದರು. ಫೋನ್ ತಂತಿಯ ಮೂಲಕ ಅದು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಕಂಪ್ಯೂಟರಿಗೆ ಜೋಡಣೆಯಾಗಿತ್ತು. ‘ಕಮ್ಯುನಿಟಿ ಮೆಮರಿ’ ಎಂಬ ಹೆಸರಿನ ಆ ವ್ಯವಸ್ಥೆಯಲ್ಲಿ ಯಾರು ಬೇಕಾದರೂ ಸಂದೇಶ ಬರೆದಿಡಬಹುದಿತ್ತು, ಇತರರು ಬರೆದದ್ದನ್ನು ಹುಡುಕಬಹುದಿತ್ತು. ವಾದ್ಯ ನುಡಿಸುವವರು ಜೊತೆಗಾರರನ್ನು ಹುಡುಕಿಕೊಂಡರು, ಕೆಲವರು ಕವಿತೆ ಬರೆದು ಹೋದರು. ಹೊಸಬರಿಗೆ ಹೇಳಿಕೊಡಲು ಪಕ್ಕದಲ್ಲೇ ಒಬ್ಬರು ಸಹಾಯಕರು ಇರುತ್ತಿದ್ದರು. ಇತಿಹಾಸ ಬರೆಯುವವರು ಯಂತ್ರವನ್ನು ಕೊಂಡಾಡುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಆ ಸಹಾಯಕರ ಕುರ್ಚಿ. ಮುಂದೆ ಸರ್ಕಾರಗಳು ಜನಾಭಿಪ್ರಾಯ ಕೇಳಲು ಕಂಪ್ಯೂಟರನ್ನು ನಂಬಿದಾಗ ಮೊದಲು ಕಾಣೆಯಾದದ್ದು ಆ ಕುರ್ಚಿಯೇ.

1989ರಲ್ಲಿ ಅದೇ ರಾಜ್ಯದ ಸ್ಯಾಂಟಾ ಮೋನಿಕಾ ನಗರಾಡಳಿತ ತನ್ನ ನಿವಾಸಿಗಳಿಗಾಗಿ ‘ಪೆನ್’ ಎಂಬ ಉಚಿತ ಜಾಲ ತೆರೆಯಿತು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರಿಗೆ ಗ್ರಂಥಾಲಯಗಳಲ್ಲಿ ಟರ್ಮಿನಲ್‌ಗಳಿದ್ದವು. ಹಾಗಾಗಿ ಮನೆಯೇ ಇಲ್ಲದವರೂ ಚರ್ಚೆಗೆ ಬಂದರು. ಕೆಲಸ ಹುಡುಕಲು ಹೋಗಬೇಕೆಂದರೆ ಸ್ನಾನಕ್ಕೆ, ಬಟ್ಟೆ ಒಗೆಯಲು, ಸಾಮಾನು ಇಡಲು ಜಾಗ ಬೇಕು ಎಂಬುದು ಅವರ ಮಾತು. ಪರದೆಯ ಮೇಲೆ ಬರೆಯುವಾತನ ಅಂಗಿ ಯಾರಿಗೂ ಕಾಣುವುದಿಲ್ಲವಾದ್ದರಿಂದ ಬೀದಿಯಲ್ಲಿ ಮುಖ ತಿರುಗಿಸುತ್ತಿದ್ದವರೂ ಆ ಮಾತಿಗೆ ಕಿವಿಗೊಟ್ಟರು. ‘ಶ್ವಾಶ್‌ಲಾಕ್’ ಎಂಬ ವಿಚಿತ್ರ ಹೆಸರಿನ ಯೋಜನೆ ಹುಟ್ಟಿತು: ಶವರ್, ವಾಷರ್, ಲಾಕರ್ ಮೂರೂ ಸೇರಿ ಆದ ಪದ. ನಗರಸಭೆ ಹಣ ಒದಗಿಸಿತು.

ಅದೇ ಪೆನ್ ಕೆಲವೇ ವರ್ಷಗಳಲ್ಲಿ ಸೊರಗಿತು. ಸರ್ಕಾರಿ ಜಾಲವಾದ್ದರಿಂದ ವಾಕ್ ಸ್ವಾತಂತ್ರ್ಯಕ್ಕೆ ಕೈ ಹಾಕಿದಂತಾದೀತೆಂಬ ಅಂಜಿಕೆಯಿಂದ ನಗರಾಡಳಿತ ಚರ್ಚೆ ನಡೆಸಿಕೊಡುವವರನ್ನು ನೇಮಿಸಿರಲಿಲ್ಲ. ಹಗಲಿರುಳು ಬರೆಯುವ ಕೆಲವರೇ ಜಾಗವನ್ನು ಆಕ್ರಮಿಸಿಕೊಂಡರು. ಮಹಿಳೆಯರಿಗೆ ಕಿರುಕುಳವಾಯಿತು. ಬೈಗುಳ ತಿಂದ ಜನಪ್ರತಿನಿಧಿಗಳು ಮೆಲ್ಲನೆ ಎದ್ದು ಹೋದರು. ಕೇಳಿಸಿಕೊಳ್ಳಬೇಕಾದವರೇ ಇಲ್ಲದ ಮೇಲೆ ಉಳಿದದ್ದು ಜಗಳ.

ನಂತರದ ಸರ್ಕಾರಗಳು ಈ ರಗಳೆಯೇ ಬೇಡವೆಂದು ಚರ್ಚೆಯನ್ನು ಬಿಟ್ಟು ಎಣಿಕೆಗೆ ಇಳಿದವು. ಬ್ರಿಟನ್‌ನ ಪ್ರಧಾನಿ ಕಚೇರಿ 2006ರ ನವೆಂಬರ್‌ನಲ್ಲಿ ಆನ್‌ಲೈನ್ ಮನವಿಗಳ ತಾಣ ಆರಂಭಿಸಿತು. ರಸ್ತೆ ಬಳಕೆಗೆ ಶುಲ್ಕ ವಿಧಿಸುವುದನ್ನು ವಿರೋಧಿಸಿದ ಒಂದೇ ಮನವಿಗೆ 2007ರ ಫೆಬ್ರುವರಿ ಹೊತ್ತಿಗೆ ಸುಮಾರು 18 ಲಕ್ಷ ಸಹಿ ಬಿದ್ದವು. ಪ್ರಧಾನಿ ಟೋನಿ ಬ್ಲೇರ್ ಸಹಿ ಮಾಡಿದವರಿಗೆ ಇಮೇಲ್ ಕಳಿಸಿದರು. ಅಷ್ಟು ಜನ ಸೇರಿಯೂ ಒಬ್ಬರೊಡನೊಬ್ಬರು ಮಾತನಾಡಲು ಅಲ್ಲಿ ಎಡೆಯೇ ಇರಲಿಲ್ಲ.

ಎಣಿಕೆಯನ್ನೇ ನಂಬಿದರೆ ಎಣಿಕೆಯನ್ನು ಹಿಗ್ಗಿಸುವವರೂ ಹುಟ್ಟಿಕೊಳ್ಳುತ್ತಾರೆ. ಅಮೆರಿಕದ ಸಂವಹನ ಆಯೋಗ 2017ರಲ್ಲಿ ನೆಟ್ ನ್ಯೂಟ್ರಾಲಿಟಿ, ಅಂದರೆ ಅಂತರ್ಜಾಲ ಕಂಪನಿಗಳು ಎಲ್ಲ ತಾಣಗಳನ್ನೂ ಸಮಾನವಾಗಿ ಒದಗಿಸಬೇಕೆಂಬ ನಿಯಮಗಳ ಬಗ್ಗೆ ಅಭಿಪ್ರಾಯ ಕೇಳಿದಾಗ 2.2 ಕೋಟಿಗೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ ಎಂದು ನ್ಯೂಯಾರ್ಕ್ ಅಟಾರ್ನಿ ಜನರಲ್ ಕಚೇರಿಯ ತನಿಖೆ 2021ರಲ್ಲಿ ಹೇಳಿತು. ನಿಯಮ ಬೇಡವೆನ್ನುತ್ತಿದ್ದ ಬ್ರಾಡ್‌ಬ್ಯಾಂಡ್ ಉದ್ಯಮದ ಹಣದಿಂದ ನಡೆದ ಪ್ರಚಾರದ ಪಾಲು 85 ಲಕ್ಷ. ಎದುರು ಬಣದ ಪರವಾಗಿ 19 ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿ ಸಾಫ್ಟ್‌ವೇರ್ ಬಳಸಿ ಕಳಿಸಿದ್ದು 77 ಲಕ್ಷ.

ತೈವಾನ್ ಹಿಡಿದ ದಾರಿ ಬೇರೆ. 2014ರಲ್ಲಿ ವಿದ್ಯಾರ್ಥಿಗಳು ಸಂಸತ್ತಿನೊಳಗೇ ಬೀಡುಬಿಟ್ಟ ‘ಸೂರ್ಯಕಾಂತಿ’ ಚಳವಳಿಯ ಬಳಿಕ ತಂತ್ರಜ್ಞಾನ ಬಲ್ಲ ಸ್ವಯಂಸೇವಕರು ಸರ್ಕಾರದೊಡನೆ ಸೇರಿ ‘ವಿತೈವಾನ್’ ಎಂಬ ಸಾರ್ವಜನಿಕ ಚರ್ಚೆಯ ವೇದಿಕೆ ರೂಪಿಸಿದರು. ಮರುವರ್ಷ ಉಬರ್ ಟ್ಯಾಕ್ಸಿಯ ವಿವಾದ ಅದರ ಮುಂದೆ ಬಂತು. ಅಲ್ಲಿ ಬಳಸಿದ ‘ಪೋಲಿಸ್’ (Pol.is) ಎಂಬ ತಂತ್ರಾಂಶದಲ್ಲಿ ಯಾರಾದರೂ ಒಂದು ಹೇಳಿಕೆ ಬರೆಯಬಹುದು. ಉಳಿದವರು ಒಪ್ಪಬಹುದು, ಒಪ್ಪದಿರಬಹುದು, ದಾಟಿ ಹೋಗಬಹುದು. ಉತ್ತರ ಕೊಡುವ ಗುಂಡಿಯೇ ಇಲ್ಲ. ಹಾಗಾಗಿ ಕೆಣಕಿದವನಿಗೆ ಎದುರಾಳಿ ಸಿಗುವುದಿಲ್ಲ. ಯಾರು ಯಾವ ಗುಂಪಿನಲ್ಲಿದ್ದಾರೆ, ಎಲ್ಲ ಗುಂಪುಗಳೂ ಒಪ್ಪಿದ ಮಾತು ಯಾವುದು ಎಂಬುದು ನಕ್ಷೆಯಲ್ಲಿ ಮೂಡುತ್ತದೆ. ಆಮೇಲೆ ಅಧಿಕಾರಿಗಳು, ಕಂಪನಿಯವರು, ಟ್ಯಾಕ್ಸಿ ಸಂಘದವರು ಮುಖಾಮುಖಿ ಕುಳಿತರು. ಸಭೆ ಅಂತರ್ಜಾಲದಲ್ಲಿ ನೇರ ಪ್ರಸಾರವಾಯಿತು. ಅದನ್ನು ನಡೆಸಿಕೊಡಲು ಮನುಷ್ಯರಿದ್ದರು. ಬರ್ಕ್ಲಿಯ ಕುರ್ಚಿ ಮರಳಿ ಬಂದಿತ್ತು.

ಆದರೆ ಅಲ್ಲಿ ಮೂಡಿದ ಒಮ್ಮತ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಆನ್‌ಲೈನ್ ಮದ್ಯ ಮಾರಾಟದ ಬಗ್ಗೆಯೂ ಇದೇ ರೀತಿ ಜನ ಚರ್ಚಿಸಿ ಶಿಫಾರಸುಗಳಿಗೆ ಒಪ್ಪಿದರು. ಅದನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿಗಳು ಬೇರೆ ಹುದ್ದೆಗಳಿಗೆ ಹೋದರು. ಕಡತ ಇದ್ದಲ್ಲೇ ಉಳಿಯಿತು.