ಬಣ್ಣ ಪರೀಕ್ಷೆ ಅಂದರೇನು? ತುಪ್ಪಕ್ಕೂ ಎಳ್ಳೆಣ್ಣೆಗೂ ಏನು ಸಂಬಂಧ?

ಮದುಮಕ್ಕಳು ಮನೆ ಬಾಗಿಲಿಗೆ ಬಂದಾಗ ತಟ್ಟೆಯಲ್ಲಿ ಕೆಂಪು ನೀರಿಟ್ಟು ಆರತಿ ಎತ್ತುತ್ತಾರಲ್ಲ, ಆ ನೀರು ಕೆಂಪಾಗುವುದು ಹೇಗೆ? ಅರಿಶಿನದ ನೀರಿಗೆ ಚೂರು ಸುಣ್ಣ ಕದಡಿದರೆ ಸಾಕು, ಹಳದಿ ಹೋಗಿ ಕೆಂಪು ಬರುತ್ತದೆ. ಬಿಳಿ ಅಂಗಿಯ ಮೇಲೆ ಸಾರು ಚೆಲ್ಲಿಕೊಂಡು, ಆ ಕಲೆಗೆ ಸೋಪು ಉಜ್ಜಿದವರಿಗೂ ಇದು ಗೊತ್ತು. ಅರಿಶಿನಕ್ಕೆ ಕ್ಷಾರ ತಾಗಿದ ಕೂಡಲೇ ಬಣ್ಣ ಬದಲಾಗುತ್ತದೆ. ಇದನ್ನೇ ತಿರುಗಿಸಿ ನೋಡಿ. ನೀರಿನಲ್ಲಿ ಸುಣ್ಣದಂಥದ್ದು ಏನಾದರೂ ಇದೆಯಾ ಅಂತ ತಿಳಿಯಬೇಕಾದರೆ ಅರಿಶಿನ ಹಾಕಿದರಾಯಿತು.

ಬಣ್ಣ ಪರೀಕ್ಷೆ ಅಂದರೆ ಇಷ್ಟೇ. ಕಣ್ಣಿಗೆ ಕಾಣದ ವಸ್ತುವಿಗೆ ಇನ್ನೊಂದು ವಸ್ತುವನ್ನು ತಾಗಿಸಿ, ಹುಟ್ಟುವ ಬಣ್ಣದಿಂದ ಅದರ ಗುರುತು ಹಿಡಿಯುವುದು. ಲ್ಯಾಬ್‌ನವರು ಕಲರ್ ಟೆಸ್ಟ್ ಅನ್ನುತ್ತಾರೆ. ಒಂದೆರಡು ಹನಿಯಲ್ಲೇ ಮುಗಿಸುವುದಾದರೆ ಸ್ಪಾಟ್ ಟೆಸ್ಟ್. ಈ ಹನಿ ಪರೀಕ್ಷೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರು ವಿಯೆನ್ನಾದ ಫ್ರಿಟ್ಸ್ ಫೈಗಲ್. ನಾಜಿಗಳ ಕಾಟಕ್ಕೆ ಊರು ಬಿಟ್ಟು ಬ್ರೆಜಿಲ್ ಸೇರಿದ ಮೇಲೂ ಅವರು ಇದೇ ಕೆಲಸ ಮುಂದುವರಿಸಿದರು. ದೊಡ್ಡ ಯಂತ್ರ ಬೇಡ, ಕರೆಂಟ್ ಬೇಡ, ಕಣ್ಣಿದ್ದರೆ ಸಾಕು. ಆಹಾರದ ಕಲಬೆರಕೆ ಹಿಡಿಯುವವರಿಗೆ ಇದು ಇಷ್ಟವಾಗಿದ್ದು ಅದಕ್ಕೇ.

ಎಲ್ಲರೂ ಶಾಲೆಯಲ್ಲಿ ನೋಡಿರುವುದು ಅಯೋಡಿನ್. ಪಿಷ್ಟಕ್ಕೆ ಅಯೋಡಿನ್ ಬಿದ್ದರೆ ಕಡುನೀಲಿ. ಇದು 1814ರಿಂದಲೂ ಗೊತ್ತಿರುವ ಸಂಗತಿ. ಪಿಷ್ಟದ ಉದ್ದನೆಯ ಎಳೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತದೆ. ಅಯೋಡಿನ್ ಆ ಸುರುಳಿಯ ಒಳಗೆ ಹೋಗಿ ಕೂರುತ್ತದೆ, ಆಗ ನೀಲಿ ಕಾಣುತ್ತದೆ. ಹಾಲು ದಪ್ಪ ಕಾಣಲಿ ಅಂತ ಯಾರೋ ಹಿಟ್ಟು ಕಲಸಿದ್ದರೆ ಹೀಗೆ ಸಿಕ್ಕಿಬೀಳುತ್ತಾರೆ. ಒಂದು ಕಿವಿಮಾತು: ಹಾಲನ್ನು ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಹನಿ ಹಾಕಬೇಕು. ಬಿಸಿಯಲ್ಲಿ ಸುರುಳಿ ಬಿಚ್ಚಿಕೊಂಡು ನೀಲಿ ಮಾಯವಾಗುತ್ತದೆ.

ನಾನೊಮ್ಮೆ ಈ ಅಯೋಡಿನ್ ಹುಮ್ಮಸ್ಸಿನಲ್ಲಿ ಮನೆಯ ಇಂಗಿಗೂ ಎರಡು ಹನಿ ಹಾಕಿದೆ. ಕಪ್ಪು ಅನ್ನುವಷ್ಟು ನೀಲಿ! ಅಂಗಡಿಯವರ ಹತ್ತಿರ ಜಗಳಕ್ಕೆ ಹೊರಟವನು ಸುಮ್ನೆ ಡಬ್ಬ ತಿರುಗಿಸಿ ನೋಡಿದೆ. ಹಿಂದೆ ಸಣ್ಣ ಅಕ್ಷರದಲ್ಲಿ ಮೈದಾ, ಗೋಂದು ಅಂತೆಲ್ಲ ಬರೆದಿತ್ತು. ನಾವು ಸಾಮಾನ್ಯವಾಗಿ ಕೊಳ್ಳುವುದು ಹೀಗೆ ಹಿಟ್ಟು ಸೇರಿಸಿದ ಇಂಗನ್ನೇ, ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಅಯೋಡಿನ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಅರಿಶಿನಕ್ಕೂ ಅಷ್ಟೇ, ಕೊಂಬಿನಲ್ಲೇ ಪಿಷ್ಟ ಇರುವುದರಿಂದ ನೀಲಿ ಬಂದರೆ ಅದಕ್ಕೆ ಅರ್ಥವಿಲ್ಲ.

ಈಗ ತುಪ್ಪದ ಕಥೆ. ಬಣ್ಣ ಪರೀಕ್ಷೆಗಳಲ್ಲೆಲ್ಲ ನನಗೆ ತುಂಬ ಇಷ್ಟವಾಗಿದ್ದು ಇದು.

ನಮ್ಮ ದೇಶಕ್ಕೆ ವನಸ್ಪತಿ ಬಂದಾಗ, ಅಂದರೆ ಎಣ್ಣೆಯನ್ನು ಗಟ್ಟಿ ಮಾಡಿ ತುಪ್ಪದ ಹಾಗೆ ಕಾಣಿಸುವ ಡಾಲ್ಡಾದಂಥ ಕೊಬ್ಬು ಬಂದಾಗ, ದೊಡ್ಡ ತಲೆನೋವು ಶುರುವಾಯಿತು. ತುಪ್ಪಕ್ಕೆ ಇದನ್ನು ಬೆರೆಸಿದರೆ ನೋಡಿ ಹೇಳುವುದು ಕಷ್ಟ. ವನಸ್ಪತಿಗೆ ಒಂದು ಬಣ್ಣ ಹಾಕಿಬಿಡಿ, ಆಗ ಬೆರೆಸಿದ್ದು ತಾನಾಗಿ ಕಾಣುತ್ತದೆ ಎಂಬ ಒತ್ತಾಯ ಸ್ವಾತಂತ್ರ್ಯದ ಆಸುಪಾಸಿನ ವರ್ಷಗಳಲ್ಲಿ ಜೋರಾಗಿತ್ತು. ಆದರೆ ಕಾಯಿಸಿದರೂ ಹೋಗದ, ಸುಲಭವಾಗಿ ತೆಗೆಯಲಾಗದ, ತಿಂದರೆ ಕೆಡುಕಾಗದ ಬಣ್ಣ ಬೇಕಲ್ಲ? ಅದು ಸರಿಹೊಂದಲಿಲ್ಲ. ಬದಲಿಗೆ ಬಂದ ಉಪಾಯ ಎಳ್ಳೆಣ್ಣೆ. ವನಸ್ಪತಿ ತಯಾರಿಸುವವರು ಅದರಲ್ಲಿ ಎಳ್ಳೆಣ್ಣೆ ಸೇರಿಸಲೇಬೇಕು ಅಂತ ನಿಯಮ ಮಾಡಿದರು, ತೂಕದಲ್ಲಿ ಶೇ. 5ರ ಲೆಕ್ಕದಲ್ಲಿ.

ಯಾಕೆ ಎಳ್ಳೆಣ್ಣೆಯೇ? ಅದಕ್ಕೊಂದು ಒಳಗುಟ್ಟಿದೆ. ಎಳ್ಳೆಣ್ಣೆಯಲ್ಲಿರುವ ಸೆಸಮಾಲ್ ಎಂಬ ವಸ್ತು, ಗಾಢ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಫರ್ಫ್ಯೂರಾಲ್ ಜೊತೆ ಸೇರಿದರೆ ಕೆಂಪಾಗುತ್ತದೆ. ಇದಕ್ಕೆ ಬೋದ್ವಾಂ ಪರೀಕ್ಷೆ ಅಂತ ಹೆಸರು. ಫರ್ಫ್ಯೂರಾಲ್ ಇಲ್ಲದಿದ್ದರೆ ಚಿಟಿಕೆ ಸಕ್ಕರೆ ಹಾಕಿದರೂ ನಡೆಯುತ್ತದೆ. ಆಮ್ಲ ಆ ಸಕ್ಕರೆಯನ್ನು ಒಡೆದು ಫರ್ಫ್ಯೂರಾಲ್‌ನ ಹತ್ತಿರದ ನೆಂಟನನ್ನು ತಯಾರಿಸಿಕೊಳ್ಳುತ್ತದೆ. ಕರಗಿಸಿದ ತುಪ್ಪ, ಅಷ್ಟೇ ಆಮ್ಲ, ಚಿಟಿಕೆ ಸಕ್ಕರೆ. ಒಂದು ನಿಮಿಷ ಕುಲುಕಿ ಐದು ನಿಮಿಷ ಬಿಟ್ಟರೆ ತುಪ್ಪ ಮೇಲೆ ತೇಲುತ್ತದೆ. ಕೆಳಗಿನ ಆಮ್ಲದ ಪದರ ಕೆಂಪಾಗಿದ್ದರೆ ತುಪ್ಪದೊಳಗೆ ಎಳ್ಳೆಣ್ಣೆ ಇದೆ. ತುಪ್ಪಕ್ಕೆ ಎಳ್ಳೆಣ್ಣೆ ಎಲ್ಲಿಂದ ಬಂತು? ವನಸ್ಪತಿಯ ಜೊತೆ ಬಂತು.

ಕಳ್ಳನ ಜೇಬಿಗೆ ಮೊದಲೇ ಗಂಟೆ ಕಟ್ಟಿಟ್ಟ ಹಾಗಾಯಿತು, ಅಲ್ವಾ? ಕಲಬೆರಕೆಗೆ ತಕ್ಕ ಪರೀಕ್ಷೆ ಹುಡುಕುವುದನ್ನು ಬಿಟ್ಟು, ಇರುವ ಪರೀಕ್ಷೆಗೆ ತಕ್ಕಂತೆ ವಸ್ತುವನ್ನೇ ಬದಲಾಯಿಸಿದರು. ಆದರೆ ಇಲ್ಲೂ ತೊಡಕುಂಟು. ಎಳ್ಳೆಣ್ಣೆ ತೆಗೆದ ಚಮಚವನ್ನೇ ತುಪ್ಪಕ್ಕೂ ಅದ್ದಿದ್ದರೆ ಬಣ್ಣ ಬರಬಹುದು. ಕೆಲವು ಕೃತಕ ಬಣ್ಣಗಳು ಬರೀ ಆಮ್ಲಕ್ಕೇ ಕೆಂಪಾಗುತ್ತವೆ. ಹಾಗಾಗಿ ಲ್ಯಾಬ್‌ನವರು ಮೊದಲು ಆಮ್ಲ ಮಾತ್ರ ಹಾಕಿ ನೋಡುತ್ತಾರೆ. ಇನ್ನೊಂದು ಮಾತು, ತುಪ್ಪಕ್ಕೆ ಬೆರೆಸಿದ್ದು ಪಾಮ್ ಎಣ್ಣೆಯೋ ಪ್ರಾಣಿಯ ಕೊಬ್ಬೋ ಆಗಿದ್ದರೆ ಈ ಪರೀಕ್ಷೆ ತುಟಿ ಬಿಚ್ಚುವುದಿಲ್ಲ.

ಅರಿಶಿನ ಪುಡಿಯ ವಿಷಯದಲ್ಲೂ ಇದೇ ಪಾಡು. ಪುಡಿಗೆ ಹೊಳಪು ಬರಲಿ ಅಂತ ಮೆಟಾನಿಲ್ ಯೆಲ್ಲೋ ಎಂಬ ಬಣ್ಣ ಬೆರೆಸುವುದುಂಟು. ಇದು ತಿನ್ನಲು ಒಪ್ಪಿಗೆ ಇಲ್ಲದ ಬಣ್ಣ. ಗಾಢ ಆಮ್ಲಕ್ಕೆ ಇದು ನೇರಳೆ ಮಿಶ್ರಿತ ಗುಲಾಬಿಯಾಗುತ್ತದೆ. ಆದರೆ ಒಳ್ಳೆಯ ಅರಿಶಿನವೂ ಗಾಢ ಆಮ್ಲದಲ್ಲಿ ಕೆಂಪಾಗುತ್ತದೆ! ಹಾಗಾದರೆ ವ್ಯತ್ಯಾಸ ಹೇಗೆ? ನೀರು ಹಾಕಿ ತೆಳು ಮಾಡಬೇಕು. ಅರಿಶಿನದ ಕೆಂಪು ಹೋಗುತ್ತದೆ, ಮೆಟಾನಿಲ್‌ನ ಗುಲಾಬಿ ಉಳಿಯುತ್ತದೆ. ಮೊಬೈಲಿನಲ್ಲಿ ಓಡಾಡುವ ವಿಡಿಯೊಗಳಲ್ಲಿ ನಿಂಬೆರಸ ಹಿಂಡಿ ತೋರಿಸುತ್ತಾರೆ. ಈ ಕೆಲಸಕ್ಕೆ ನಿಂಬೆಹುಳಿ ಸಾಲದು. ಇನ್ನು ಅರಿಶಿನಕ್ಕೆ ಬೆರೆಸುವ ಸೀಸದ ಕ್ರೋಮೇಟ್ ಇದಕ್ಕಿಂತ ಅಪಾಯದ್ದು, ಅದರಲ್ಲಿ ಸೀಸ ಇದೆ. ಅದೂ ಹಳದಿಯೇ, ಆದರೆ ಈ ಗುಲಾಬಿ ಪರೀಕ್ಷೆಗೆ ಸಿಗುವುದಿಲ್ಲ. ಗುಲಾಬಿ ಬರಲಿಲ್ಲ ಅಂದರೆ ಮೆಟಾನಿಲ್ ಕಾಣಲಿಲ್ಲ ಅಂತ ಅರ್ಥ, ಅರಿಶಿನ ಚೊಕ್ಕ ಅಂತಲ್ಲ.

ಅಡುಗೆಮನೆಯಲ್ಲೇ ಮಾಡಬಹುದಾದದ್ದು ಅಂದರೆ ಹಾಲಿನ ಯೂರಿಯಾ ಪರೀಕ್ಷೆ. ಇದಕ್ಕೆ ಬೇಕಾಗುವುದು ತೊಗರಿಬೇಳೆ ಪುಡಿ ಮತ್ತು ಕೆಂಪು ಲಿಟ್ಮಸ್ ಕಾಗದ. ಒಂದು ಚಮಚ ಹಾಲಿಗೆ ಅರ್ಧ ಚಮಚ ಪುಡಿ ಹಾಕಿ ಕುಲುಕಿ ಐದು ನಿಮಿಷ ಬಿಡಿ. ಬೇಳೆಯಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ. ಅಮೋನಿಯಾ ಕ್ಷಾರ, ಕೆಂಪು ಲಿಟ್ಮಸ್ ನೀಲಿಯಾಗುತ್ತದೆ. ಸೋಯಾ ಪುಡಿಯಿಂದಲೂ ಆಗುತ್ತದೆ. ಆದರೆ ಯೂರಿಯಾ ಹಾಲಿನಲ್ಲಿ ಹುಟ್ಟಿನಿಂದಲೇ ಸ್ವಲ್ಪ ಇರುತ್ತದೆ. ಹತ್ತು ಲಕ್ಷ ಭಾಗಕ್ಕೆ 700 ಭಾಗದವರೆಗೆ ಕಾನೂನೇ ಒಪ್ಪುತ್ತದೆ. ಹಾಗಾಗಿ 'ಇದೆಯಾ' ಅನ್ನುವುದಕ್ಕಿಂತ 'ಎಷ್ಟಿದೆ' ಅನ್ನುವುದೇ ಮುಖ್ಯ. ಬಣ್ಣ ಪರೀಕ್ಷೆ ತಡವರಿಸುವುದು ಈ ಎರಡನೇ ಪ್ರಶ್ನೆಗೇ. ಕಡು ಬಣ್ಣ, ತೆಳು ಬಣ್ಣ ಅಂತ ಅಂದಾಜು ಹೇಳಬಹುದು, ಲೆಕ್ಕ ಕೊಡಲು ಉಪಕರಣ ಬೇಕು.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಸುಲಭ ಪರೀಕ್ಷೆಗಳನ್ನು ಒಟ್ಟು ಮಾಡಿ 'ಡಾರ್ಟ್' ಎಂಬ ಕೈಪಿಡಿ ತಂದಿದೆ. ಅದರಲ್ಲಿ ನೀರು, ಅಯೋಡಿನ್ ಇರುವ ಭಾಗ ಮಕ್ಕಳ ಜೊತೆ ಕೂತು ಮಾಡಲಿಕ್ಕೆ ಚೆನ್ನಾಗಿದೆ. ಗಾಢ ಆಮ್ಲ ಮಾತ್ರ ಮನೆಯಲ್ಲಿ ಬೇಡ, ಅದು ಕೈ ಸುಡುತ್ತದೆ, ಹೊಗೆ ಎದೆಗೆ ಹೋಗುತ್ತದೆ. ಪರೀಕ್ಷೆ ಮಾಡಿದ ಹಾಲು, ತುಪ್ಪವನ್ನು ಚೆಲ್ಲಬೇಕು, ನಾಯಿ ಬೆಕ್ಕಿಗೂ ಹಾಕಬಾರದು.

ಬಣ್ಣ ನೋಡಿ ಗಟ್ಟಿ ಅನುಮಾನ ಬಂದರೆ ಮುಂದಿನ ದಾರಿಯೂ ಇದೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ, ಕೊಂಡವರು ಯಾರೇ ಆಗಲಿ ಶುಲ್ಕ ಕಟ್ಟಿ ಆ ಪದಾರ್ಥವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ತಪ್ಪು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್. ಒಂದೇ ಶರತ್ತು: ಇದನ್ನು ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಹಾಗೆ ಹೇಳಿದ ಮೇಲೆ ಅವರು ಯಾವ ಡಬ್ಬದಿಂದ ತೂಗಿಕೊಡುತ್ತಾರೋ, ಅದನ್ನು ಹೇಳುವ ಬಣ್ಣ ಪರೀಕ್ಷೆ ಇನ್ನೂ ಬಂದಿಲ್ಲ.